ಆಮೇಲಪ್ಪನ ರೈಫಲ್ಲು

ನೀರು ಸರಬರಾಜು ಕಚೇರಿಯ ದೂರು ಕಿಟಕಿಯ ಹಿಂದೆ ಕೂರುವ ಗುಮಾಸ್ತನಿಗೆ ತಂದೆತಾಯಿ ಇಟ್ಟ ಹೆಸರು ಇದ್ದೇ ಇತ್ತು. ಆದರೆ ಸಂಬಳದ ದಿನ ಬಿಟ್ಟರೆ ಅದು ಬಳಕೆಗೆ ಬರುತ್ತಿರಲಿಲ್ಲ. ಊರಿಗೆಲ್ಲ ಅವನು ಆಮೇಲಪ್ಪ. ನಲ್ಲಿ ಒಣಗಿದೆ ಎಂದು ಬಂದವರು ಕೂಗಾಡುತ್ತಾರೆ. ಇವನು ಪೂರ್ತಿ ಕೇಳಿಸಿಕೊಳ್ಳುತ್ತಾನೆ, ಪೆನ್ನಿನ ಮುಚ್ಚಳ ತೆಗೆಯುತ್ತಾನೆ, ಎದುರಿನ ಗೋಡೆ ನೋಡುತ್ತಾನೆ, ಇನ್ನೇನು ಉತ್ತರ ಬಂತು ಎನ್ನುವಷ್ಟರಲ್ಲಿ ಮುಚ್ಚಳ ಹಾಕಿ "ಆಮೇಲೆ ನೋಡೋಣ" ಎನ್ನುತ್ತಾನೆ. ಇದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಉತ್ತರಗಳು ಅವನೊಳಗೆ ಹುಟ್ಟುವುದೇ ನಿಧಾನ. ಒಳ್ಳೆಯ ಉತ್ತರವೊಂದು ನಾಲಿಗೆಯ ತುದಿಗೆ ಬರುವ ಹೊತ್ತಿಗೆ ಕೇಳಿದವರು ಮನೆ ಸೇರಿರುತ್ತಿದ್ದರು, ಎಷ್ಟೋ ಸಲ ನೀರೂ ಬಂದಿರುತ್ತಿತ್ತು.

ಅಂಥವನಿಗೆ ಸಿಕ್ಕ ಹೆಂಡತಿ ಡ್ರೈವಿಂಗ್ ಸ್ಕೂಲಿನ ಟೀಚರು. ಅವಳ ಕಾರಿನಲ್ಲಿ ಅವಳ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಕಲಿಯುವವರು ಹೆದರುವ ಮೊದಲೇ ಅವಳು ಅದನ್ನು ಒತ್ತಿ ಆಗಿರುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ದಿನ ಅವಳು ಆಸೆಯಿಂದ ಕೇಳಿದ್ದಳು: "ರೀ, ನಿಮಗೆ ಡ್ರೈವಿಂಗ್ ನಾನೇ ಕಲಿಸ್ಲಾ?"

ಆಮೇಲಪ್ಪ ಗೋಡೆ ನೋಡಿದ. "ಆಮೇಲೆ ನೋಡೋಣ" ಎಂದ.

ಅಂದಿನಿಂದ ಅವಳು ಬೇಕರಿಯವನಿಗೆ ಕಲಿಸಿದಳು, ಪೋಸ್ಟ್‌ಮನ್‌ಗೆ ಕಲಿಸಿದಳು, ಗಂಡನ ಮೇಲಧಿಕಾರಿಗೂ ಕಲಿಸಿದಳು. ಗಂಡ ಮಾತ್ರ ಕಚೇರಿಗೆ ಬಸ್ಸಿನಲ್ಲೇ ಹೋಗುತ್ತಿದ್ದ. ಅವಳು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ಅವನು ಅವಳಿಗೆ ಬೇಜಾರಿಲ್ಲವೆಂದು ತಿಳಿದುಕೊಂಡ. ಗಂಡಸರು ಅನುಕೂಲಕ್ಕೆ ತಕ್ಕಂತೆ ತಿಳಿದುಕೊಳ್ಳುವ ವಿಷಯಗಳಲ್ಲಿ ಇದೂ ಒಂದು.

ಅವನ ಬದುಕಿನಲ್ಲಿ ಸರಿಯಾದ ಹೊತ್ತಿಗೆ ಕೆಲಸ ಮಾಡುತ್ತಿದ್ದದ್ದು ಒಂದೇ ಒಂದು, ಸೋದರಮಾವ ಬಿಟ್ಟುಹೋದ ರೈಫಲ್ಲು. ಬೇಟೆಯದಲ್ಲ, ಪಂದ್ಯದ್ದು. ನೆಲದ ಮೇಲೆ ಬೋರಲು ಮಲಗಿ ದೂರದ ಕಾಗದದ ಮೇಲಿನ ಕಪ್ಪು ಬೊಟ್ಟಿನ ನಡುಮಧ್ಯಕ್ಕೆ ಹೊಡೆಯುವಂಥದು. ಮಾವ ಕೆನ್ನೆಯೊರಗಿಸಿದ ಜಾಗದಲ್ಲಿ ಮರದ ಬಣ್ಣ ಮಾಸಿತ್ತು. ಆಮೇಲಪ್ಪ ಅಲ್ಲೇ ತನ್ನ ಕೆನ್ನೆ ಒರಗಿಸಿ ವಾರಕ್ಕೊಮ್ಮೆ ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಗುಂಡು ಹಾರಿಸುತ್ತಿದ್ದ. ಅವನ ಗುರಿ ಅಂಥ ಹೊಗಳುವಂಥದ್ದಲ್ಲ, ತೆಗಳುವಂಥದ್ದೂ ಅಲ್ಲ. ಕ್ಲಬ್ಬಿನಲ್ಲಿ ಅವನು ಬಂದರೆ ಬಂದ, ಬಾರದಿದ್ದರೆ ಯಾರೂ ಕೇಳರು.

ಉಳಿದ ದಿನಗಳಲ್ಲಿ ಮನೆಯಲ್ಲೇ ಅಭ್ಯಾಸ. ಸಂಜೆ ಕಚೇರಿಯಿಂದ ಬಂದು, ಖರ್ಚಾದ ತೋಟಾ ಒಂದನ್ನು ರೈಫಲ್ಲಿಗೆ ಹಾಕಿ, ಹಜಾರದ ಚಾಪೆಯ ಮೇಲೆ ಮಲಗಿ, ಗೋಡೆಯ ಮೇಲಿನ ಚುಕ್ಕೆಗೆ ಗುರಿಯಿಟ್ಟು ಟ್ರಿಗರ್ ಎಳೆಯುತ್ತಿದ್ದ. ಟಕ್. ಮತ್ತೆ ಟಕ್. ಈ ಟಕ್ಕು ನೆಲದ ಮೂಲಕ ಇಳಿದು ಕೆಳಗಿನ ಮನೆಯ ಪಿಟೀಲು ಮೇಡಂ ಅವರ ಪಾಠಕ್ಕೆ ಸರಿಯಾಗಿ ಬೀಳುತ್ತಿತ್ತು. ಒಂದು ಸಂಜೆ ಅವರು ಪಿಟೀಲಿನ ಕಮಾನು ಹಿಡಿದುಕೊಂಡೇ ಮೇಲೆ ಬಂದರು.

"ಏನಪ್ಪಾ, ನೀನು ಟಕ್ ಅನ್ನಿಸಬೇಡ ಅಂತ ನಾನು ಹೇಳಲ್ಲ. ತಾಳಕ್ಕೆ ಅನ್ನಿಸು! ನನ್ನ ಹುಡುಗಿ ನಿನ್ನ ಟಕ್ಕು ಕೇಳಿ ಎರಡನೇ ಸಾಲಿಂದ ನಾಲ್ಕನೇ ಸಾಲಿಗೆ ಹಾರ್ತಾಳೆ."

ಆಮೇಲಪ್ಪ ನಾಚಿಕೊಂಡ. ಯಾರಿಗೂ ತೊಂದರೆ ಕೊಡಬಾರದೆನ್ನುವುದು ಅವನ ಜೀವನದ ಸಿದ್ಧಾಂತ. ಅಂದೇ ರೈಫಲ್ಲಿನ ಬೋಲ್ಟ್ ಬಿಚ್ಚಿದ. ತೋಟಾದ ಬುಡಕ್ಕೆ ಹೊಡೆಯುವ ಸಣ್ಣ ಪಿನ್ನು ಓಡಾಡುವುದು ಇದರೊಳಗೆ, ಟಕ್ ಎನ್ನುವುದೂ ಇಲ್ಲೇ. ಹೆಂಡತಿಯ ಕಾರಿಗೆಂದು ತಂದಿಟ್ಟಿದ್ದ ಹಳದಿ ಗ್ರೀಸನ್ನು ಬೆರಳಲ್ಲಿ ಬಾಚಿ ಬಾಚಿ ಅದರೊಳಗೆ ತುಂಬಿದ. ಟಕ್ಕು ಹೋಗಿ ತಪ್ ಎಂಬ ಮೆತ್ತನೆಯ ಸದ್ದಾಯಿತು. ಕೆಳಗಿನ ಹುಡುಗಿ ಎರಡನೇ ಸಾಲಿನಿಂದ ಮೂರನೇ ಸಾಲಿಗೇ ಬಂದಳು. ಪಿಟೀಲು ಮೇಡಂ ಮೆಟ್ಟಿಲಲ್ಲಿ ಸಿಕ್ಕಾಗ ತುಂಬ ಉಪಕಾರವಾಯಿತೆಂದರು. ಆಮೇಲಪ್ಪ ಮಾಡಿದ ಉಪಕಾರವನ್ನು ಅಲ್ಲಿಗೇ ಮರೆತ. ದೊಡ್ಡ ಮನುಷ್ಯರ ಲಕ್ಷಣವೇ ಅದು.

ಬೇಸಿಗೆ ಮುಗಿಯಿತು, ಚಳಿಗಾಲ ಬಂತು. ಕ್ಲಬ್ಬಿನ ಮೈದಾನದಲ್ಲಿ ಉಸಿರು ಹೊಗೆಯಾಗಿ ಕಾಣುವಂಥ ಒಂದು ಬೆಳಿಗ್ಗೆ ಆಮೇಲಪ್ಪ ಮಲಗಿ ಗುರಿಯಿಟ್ಟು ಟ್ರಿಗರ್ ಎಳೆದ. ಏನೂ ಆಗಲಿಲ್ಲ.

ಕ್ಲಬ್ಬಿನ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದ ನಿಯಮವೊಂದಿತ್ತು: ಟ್ರಿಗರ್ ಎಳೆದ ಮೇಲೆ ಗುಂಡು ಹಾರದಿದ್ದರೆ ಅಲ್ಲಾಡಬೇಡಿ, ನಳಿಕೆ ಗುರಿಯ ಕಡೆಗೇ ಇರಲಿ, ಕಾಯಿರಿ. ಒಳಗೆ ಕಿಡಿ ಇನ್ನೂ ಎಚ್ಚರವಾಗಿರಬಹುದು. ಆಮೇಲಪ್ಪ ಕಲ್ಲಾಗಿ ಮಲಗಿದ. ಅದು ನಿಯಮಪಾಲನೆ ಎನ್ನುವುದಕ್ಕಿಂತ ಹೆದರಿಕೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಾದ ಮೇಲೆ, ಢಮ್! ಗುಂಡು ಬೊಟ್ಟಿನ ನಟ್ಟನಡುವೆ ಹೋಗಿ ಕೂತಿತ್ತು.

ಅವನ ಹಿಂದೆ ದುರ್ಬೀನು ಹಿಡಿದು ನಿಂತಿದ್ದವರು ಕ್ಲಬ್ಬಿನ ಕಾರ್ಯದರ್ಶಿ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಬೆರಳು ಟ್ರಿಗರ್ ಎಳೆದದ್ದನ್ನೂ ಮೈ ಒಂದಿಷ್ಟೂ ಕದಲದಿದ್ದದ್ದನ್ನೂ ಅವರು ನೋಡಿದ್ದರು. ಗುಂಡು ತಡವಾದದ್ದು ಆ ಬೆರಳಿನ ನಿಧಾನವೆಂದೇ ಅವರು ತಿಳಿದರು.

"ನೋಡ್ರಯ್ಯಾ!" ಎಂದು ಕೂಗಿದರು. "ನೀವೆಲ್ಲ ಟ್ರಿಗರ್ ಎಳೆದ ತಕ್ಷಣ ಏನಾಯ್ತು ಅಂತ ತಲೆ ಎತ್ತುತ್ತೀರಿ. ಈ ಮನುಷ್ಯನ್ನ ನೋಡಿ. ಎಳೆದ, ಇದ್ದ ಹಾಗೇ ಇದ್ದ. ಏನ್ರೀ ಶಾಂತಿ ಇದು! ಎಲ್ಲಿ ಕಲಿತ್ರಿ?"

ರೈಫಲ್ಲು ಕೆಟ್ಟಿದೆ ಡಾಕ್ಟ್ರೇ ಎಂದು ಹೇಳಲು ಆಮೇಲಪ್ಪ ಬಾಯಿ ತೆರೆದ. ವಾಕ್ಯ ಹೊರಟಿತ್ತು, ದಾರಿಯಲ್ಲಿತ್ತು. ಅಷ್ಟರಲ್ಲಿ ಡಾಕ್ಟರು ಬೆನ್ನು ತಟ್ಟಿದರು, ಕ್ಲಬ್ಬಿನ ಸದಸ್ಯನೇ ಆದ ಬೇಕರಿಯವನು ಕೈ ಕುಲುಕಿದ, ಯಾರೋ ಬಿಸಿ ಕಾಫಿ ತಂದುಕೊಟ್ಟರು. ಅಲ್ಲಿಯವರೆಗೆ ಯಾರೂ ಅವನಿಗೆ ಕಾಫಿ ತಂದುಕೊಟ್ಟವರಲ್ಲ. ವಾಕ್ಯ ಕಾಫಿಯ ಜೊತೆ ಒಳಗೆ ಹೋಯಿತು.

ಇಡೀ ಪ್ರಕರಣದಲ್ಲಿ ಅವನು ಆಡಿದ ಸುಳ್ಳೆಂದರೆ ಇಷ್ಟೇ, ಅಂದರೆ ಏನೂ ಇಲ್ಲ. ಬಾಯಿಬಿಡದೆಯೂ ಸುಳ್ಳು ಹೇಳಬಹುದು, ಅದೇ ಬಹಳ ದಿನ ಬಾಳಿಕೆ ಬರುತ್ತದೆ ಎಂಬುದು ಅವನಿಗೆ ಆಗ ತಿಳಿದಿರಲಿಲ್ಲ.

ಮರುವಾರ ಡಾಕ್ಟರು ಎಲ್ಲ ಸದಸ್ಯರಿಗೂ ಆಮೇಲಪ್ಪನ ವಿಧಾನವನ್ನು ಕಡ್ಡಾಯ ಮಾಡಿದರು. ಟ್ರಿಗರ್ ಎಳೆದ ಮೇಲೂ ಸಾಲಾಗಿ ಹೆಣದ ಹಾಗೆ ಬಿದ್ದುಕೊಂಡಿರಬೇಕು. ಬೇಕರಿಯವನು ಹಾಗೆ ಬಿದ್ದುಕೊಂಡಿದ್ದು ಗೊರಕೆ ಹೊಡೆದ. ಡಾಕ್ಟರು ಈ ಶಾಂತಿಯನ್ನು ತಮ್ಮ ಕ್ಲಿನಿಕ್ಕಿಗೂ ಒಯ್ದರು. ರೋಗಿಯ ಹಲ್ಲಿಗೆ ಇಕ್ಕಳ ಹಾಕಿ, ಎಳೆಯುವ ಮುಂಚೆ ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಾಗತೊಡಗಿದರು. ಇಬ್ಬರು ರೋಗಿಗಳು ಆ ಗಳಿಗೆಯಲ್ಲಿ ಕುರ್ಚಿಯಿಂದ ಎದ್ದು ಓಡಿದರು, ಒಬ್ಬ ಇಕ್ಕಳದ ಸಮೇತ.

ಕಚೇರಿಯಲ್ಲಿ ಮೇಲಧಿಕಾರಿ ಅವನನ್ನು ಒಳಗೆ ಕರೆದು ಎದುರಿನ ಕುರ್ಚಿ ತೋರಿಸಿದರು. ಆ ಕುರ್ಚಿಯಲ್ಲಿ ಗುಮಾಸ್ತರು ಕೂತದ್ದಿಲ್ಲ.

"ಇಷ್ಟು ವರ್ಷ ನಿಮ್ಮನ್ನ ಸೋಮಾರಿ ಅಂದ್ಕೊಂಡಿದ್ದೆ ಕಣ್ರೀ. ಅದು ಸಂಯಮ ಅಂತ ಈಗ ಗೊತ್ತಾಯ್ತು. ಎಲ್ಲರಿಗೂ ಸ್ವಲ್ಪ ಹೇಳಿಕೊಡಿ."

"ಸಾರ್, ಅದು..." ಎಂದು ಆಮೇಲಪ್ಪ ಗೋಡೆ ನೋಡಿದ.

"ನೋಡಿ, ನೋಡಿ! ಇದೇ ಅದು!" ಎಂದರು ಮೇಲಧಿಕಾರಿ ಭಾವುಕರಾಗಿ.

ಒಂದು ವಾರದೊಳಗೆ ಕಚೇರಿಯ ಎಲ್ಲ ಕಿಟಕಿಗಳಲ್ಲೂ ಗುಮಾಸ್ತರು ಗೋಡೆ ನೋಡತೊಡಗಿದರು. ಹೊರಗೆ ಖಾಲಿ ಬಿಂದಿಗೆ ಹಿಡಿದವರ ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು. ಹೆಂಡತಿಯ ತಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ "ನಮ್ಮ ಭಾವ ಗುಂಡಿಗೇ ನಿಲ್ಲು ಅಂದ್ರೆ ನಿಲ್ಲುತ್ತೆ" ಎಂದು ಹೇಳಿಕೊಂಡು ತಿರುಗಿದ. ಅವನು ಹೇಳಿದ್ದೇ ನಿಜಕ್ಕೆ ಎಲ್ಲರಿಗಿಂತ ಹತ್ತಿರವಿತ್ತು.

ಆಮೇಲಪ್ಪ ಈಗ ಗುಟ್ಟಾಗಿ ರಿಪೇರಿಗೆ ಇಳಿದ. ಊರಿನಲ್ಲಿ ಬಂದೂಕು ರಿಪೇರಿ ಮಾಡುವವನೊಬ್ಬನಿದ್ದ, ಆದರೆ ಅವನು ಡಾಕ್ಟರ ತಮ್ಮ. ಹೀಗಾಗಿ ರೈಫಲ್ಲಿನ ವೈದ್ಯನೂ ತಾನೇ ಆಗಬೇಕಾಯಿತು. ತೋಟಾಗಳಿಗೆ ಥಂಡಿ ತಗುಲಿರಬೇಕೆಂದುಕೊಂಡು ಬೇರೆ ಪೆಟ್ಟಿಗೆಯವನ್ನು ಹಾಕಿ ನೋಡಿದ. ತಡವಾಗಿಯೇ ಹಾರಿದವು. ಅವನ್ನೇ ಹೆಂಡತಿಯ ಉಣ್ಣೆ ಕಾಲುಚೀಲದಲ್ಲಿ ಸುತ್ತಿ, ಅಂಗಿಯೊಳಗೆ ಹೊಟ್ಟೆಗಾನಿಸಿಕೊಂಡು, ಕಾವಿಗೆ ಕೂತ ಕೋಳಿಯಂತೆ ಕ್ಲಬ್ಬಿಗೆ ಒಯ್ದ. ಅಂದು ಚಳಿ ಇನ್ನೂ ಹೆಚ್ಚಿತ್ತು, ಮತ್ತಷ್ಟು ತಡವಾದವು. ಪಿನ್ನನ್ನು ತಳ್ಳುವ ಸ್ಪ್ರಿಂಗು ಸೋತಿದೆಯೆಂದು ಬೇರೆ ಊರಿನಿಂದ ಹೊಸದನ್ನು ತರಿಸಿ, ಹಳೆಯದನ್ನು ಹಿಂದಿನಿಂದ ಎಳೆದು ಹೊಸದನ್ನು ಹಿಂದಿನಿಂದಲೇ ತುರುಕಿದ. ಒಳಗೆ ಇಣುಕಿ ನೋಡಲಿಲ್ಲ. ಮನೆಯಲ್ಲಿ ಹೀಟರಿನ ಪಕ್ಕ ಮಲಗಿ ಟ್ರಿಗರ್ ಎಳೆದರೆ ರೈಫಲ್ಲು ಚುರುಕಾಗಿ ತಪ್ ಎನ್ನುತ್ತಿತ್ತು. ಕ್ಲಬ್ಬಿಗೆ ಹೋದರೆ ಮತ್ತದೇ ಮೌನ.

"ಮನೇಲಿ ಚೆನ್ನಾಗೇ ಇರುತ್ತೆ, ನಾಲ್ಕು ಜನರೆದುರು ಹೋದ್ರೆ ಕೈಕೊಡುತ್ತೆ" ಎಂದು ಹೆಂಡತಿಯ ಮುಂದೆ ಗೋಳಾಡಿದ. ಅವಳು ಕಾಲುಚೀಲ ಹುಡುಕುತ್ತಾ ಬಂದು ಅದರಲ್ಲಿ ತೋಟಾ ಕಂಡು, ಎಲ್ಲವನ್ನೂ ಬಾಯಿ ಬಿಡಿಸಿದ್ದಳು.

"ನಿಮಗೆ ಉಲ್ಟಾ ಹಾಗಾದ್ರೆ. ನೀವು ಕೈಕೊಡೋದು ಮನೇಲಿ" ಎಂದಳು ಅವಳು.

ಆಮೇಲಪ್ಪ ಈ ಮಾತನ್ನು ಯೋಚಿಸಲು ತೆಗೆದುಕೊಂಡ. ಅವಳು ಕಾಯಲಿಲ್ಲ.

"ಬ್ರೇಕ್ ತಡವಾಗಿ ಹಿಡಿಯೋ ಗಾಡೀನ ನಾನು ರಸ್ತೆಗೇ ಇಳಿಸಲ್ಲ. ನೀವು ಅದನ್ನ ವಾರವಾರ ಹತ್ತು ಜನರ ನಡುವೆ ತಗೊಂಡು ಹೋಗ್ತೀರಿ. ಯಾರಿಗಾದ್ರೂ ಏನಾದ್ರೂ ಆದ್ರೆ?"

"ನಾನು ಯಾರ ಕೈಗೂ ಕೊಡಲ್ಲ ಕಣೇ. ನಾನೇ ಹಿಡಿದಿರ್ತೀನಲ್ಲ. ನಿಯಮ ನನಗೆ ಗೊತ್ತು."

"ಗೊತ್ತಿದ್ರೆ ಅವರಿಗೆ ಹೇಳಿ."

"ಹೇಳ್ತೀನಿ. ಆಮೇಲೆ..."

ಅವಳು ಕಾಲುಚೀಲ ಕೊಡವಿ, ತೋಟಾಗಳನ್ನು ಮೇಜಿನ ಮೇಲೆ ಸುರಿದು ಒಳಗೆ ಹೋದಳು. ಆಮೇಲಪ್ಪನಿಗೆ ದುಃಖವಾಯಿತು. ಅವಳು ಹೇಳಿದ್ದು ಸರಿಯೆಂದು ಅವನಿಗೆ ಗೊತ್ತಿತ್ತು. ಆದರೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ಜನ ಅವನ ನಿಧಾನವನ್ನು ನೋಡಿ ನಗದೆ ಇದ್ದರು. ಬಾಗಿಲಲ್ಲಿ ಅವನಿಗೆ ದಾರಿ ಬಿಡುತ್ತಿದ್ದರು. ಅದನ್ನು ತನ್ನ ಕೈಯಾರೆ ವಾಪಸು ಕೊಡುವುದು ಅವನಿಂದಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಅವನ ನಾಳೆಗಳ ಬಗ್ಗೆ ನೀರಿಲ್ಲದ ಬೀದಿಗಳಲ್ಲಿ ವಿಚಾರಿಸಿದರೆ ಯಾರು ಬೇಕಾದರೂ ಹೇಳುತ್ತಾರೆ.

ಪಕ್ಕದ ಊರಿನ ಕ್ಲಬ್ಬಿನ ಜೊತೆ ಪಂದ್ಯ ಗೊತ್ತಾಯಿತು. ತಂಡದಲ್ಲಿ ಮೊದಲ ಹೆಸರು ಅವನದೇ. ಅದರ ಹಿಂದಿನ ಭಾನುವಾರ ಡಾಕ್ಟರು ಒಂದು ಪ್ರದರ್ಶನ ಇಟ್ಟರು. ಮೇಲಧಿಕಾರಿ ಟೋಪಿ ಹಾಕಿಕೊಂಡು ಬಂದರು. ಪಿಟೀಲು ಮೇಡಂ ಶಿಷ್ಯೆಯರನ್ನು ಕರೆತಂದರು, ಕಮಾನು ಹಿಡಿದ ಕೈ ಹೇಗೆ ನಿಲ್ಲಬೇಕೆಂದು ತೋರಿಸುವುದಕ್ಕೆ. ಭಾವಮೈದುನ ಮುಂದಿನ ಸಾಲಿನಲ್ಲಿ ಜಾಗ ಹಿಡಿದ. ಹೆಂಡತಿ ಬೇಲಿಯ ಹತ್ತಿರ ಕೈಕಟ್ಟಿ ನಿಂತಳು. ಹಿಂದಿನ ವಾರಗಳಿಗಿಂತ ಚಳಿ ಜೋರಾಗಿತ್ತು.

ಆಮೇಲಪ್ಪ ರೈಫಲ್ಲನ್ನು ಚಾಪೆಯ ಮೇಲಿಟ್ಟು, ತೋಟಾ ಹಾಕಿ, ಇನ್ನೇನು ಮಲಗಬೇಕು, ಡಾಕ್ಟರು ಭುಜ ಹಿಡಿದರು.

"ಒಂದು ನಿಮಿಷ. ಒಂದೇ ಒಂದು ಗುಂಡು, ನಿಮ್ಮ ರೈಫಲ್ಲಲ್ಲಿ ನಾನು ಹೊಡೀಲಾ? ಆ ಶಾಂತಿ ಹೇಗಿರುತ್ತೆ ಅಂತ ಒಂದು ಸಲ ನೋಡಬೇಕು ನಾನು."

ಬೇಡ ಎನ್ನುವುದಕ್ಕೆ ಆಮೇಲಪ್ಪ ಬಾಯಿ ತೆರೆದ. ಎರಡೇ ಅಕ್ಷರದ ಮಾತು. ಅದು ಗಂಟಲಿಗೆ ಬರುವುದರೊಳಗೆ ಡಾಕ್ಟರು ಚಾಪೆಯ ಮೇಲೆ ಬೋರಲಾಗಿ, ಮಾವನ ಕೆನ್ನೆಯ ಜಾಗಕ್ಕೆ ತಮ್ಮ ಕೆನ್ನೆ ಒರಗಿಸಿ ಆಗಿತ್ತು.

ಅವರು ಟ್ರಿಗರ್ ಎಳೆದರು. ಏನೂ ಆಗಲಿಲ್ಲ.

ಕೆಂಪಕ್ಷರದ ನಿಯಮವನ್ನು ಹೊಸಬರಿಗೆಲ್ಲ ಓದಿ ಹೇಳುತ್ತಿದ್ದವರು ಈ ಡಾಕ್ಟರೇ. ಆದರೆ ಈ ರೈಫಲ್ಲಿನ ಮೇಲೆ ಅವರಿಗೆ ಅನುಮಾನವೇ ಇರಲಿಲ್ಲ. ತಡವೆಲ್ಲ ಮನುಷ್ಯನದು, ಯಂತ್ರ ಚೊಕ್ಕವಾಗಿದೆ ಎಂದೇ ನಂಬಿದ್ದರು. ಆದ್ದರಿಂದ ಅವರು ಅತ್ಯಂತ ಸಹಜವಾಗಿ ತಲೆ ಎತ್ತಿ, ರೈಫಲ್ಲಿನ ಸಮೇತ ಹಿಂದಕ್ಕೆ ಹೊರಳತೊಡಗಿದರು. "ಏನ್ರೀ, ತೋಟಾ ಹಾಕಿದ್ದೀರೋ ಇಲ್ಲ—"

ನಳಿಕೆ ಗುರಿ ಬಿಟ್ಟು ಪಕ್ಕಕ್ಕೆ ಸರಿಯಿತು. ಆ ದಾರಿಯಲ್ಲಿ ಮೊದಲು ಬೇಕರಿಯವನಿದ್ದ, ಆಮೇಲೆ ಪಿಟೀಲಿನ ಹುಡುಗಿಯರು, ಅವರಾಚೆ ಬೇಲಿಯ ಹತ್ತಿರ ಅವಳು.

"ಅಲ್ಲಾಡಬೇಡಿ! ಗುರಿ ಕಡೆ ಹಿಡೀರಿ! ರೈಫಲ್ಲು ಕೆಟ್ಟಿದೆ!"

ಕೂಗಿದ್ದು ಯಾರೆಂದು ಎಲ್ಲರೂ ಸುತ್ತ ನೋಡಿದರು. ಅಂಥ ಧ್ವನಿ ಅಲ್ಲಿ ಯಾರಿಗೂ ಇದ್ದಂತಿರಲಿಲ್ಲ. ಆಮೇಲಪ್ಪ ಅಷ್ಟರಲ್ಲಿ ಡಾಕ್ಟರ ಪಕ್ಕಕ್ಕೆ ದಬ್ಬನೆ ಬಿದ್ದು ಎರಡೂ ಕೈಯಿಂದ ನಳಿಕೆಯನ್ನು ಮುಂದಕ್ಕೆ ತಳ್ಳಿ ಹಿಡಿದಿದ್ದ. ಡಾಕ್ಟರು ಹೆಪ್ಪುಗಟ್ಟಿದರು. ಎಲ್ಲರ ಉಸಿರೂ ಹೊಗೆಯಾಗುವುದು ನಿಂತಿತು.

ಢಮ್!

ಗುಂಡು ಬೊಟ್ಟಿಗೂ ಬೀಳಲಿಲ್ಲ, ಅದರ ಹಿಂದಿನ ಮಣ್ಣಿನ ದಿಬ್ಬಕ್ಕೂ ಬೀಳಲಿಲ್ಲ. ಗುರಿಗಳ ಮೇಲೆ ಡಾಕ್ಟರು ಬರೆಸಿ ಕಟ್ಟಿಸಿದ್ದ 'ಶಾಂತಿ' ಎಂಬ ಹಲಗೆಯ ಒಂದು ಮೊಳೆ ಕಿತ್ತುಹೋಗಿ ಹಲಗೆ ಓರೆಯಾಗಿ ತೂಗಾಡಿತು.

ಮೊದಲು ಮಾತಾಡಿದವನು ಆಮೇಲಪ್ಪ, ಚಾಪೆಯ ಮೇಲೆ ಬಿದ್ದಲ್ಲಿಂದಲೇ.

"ಅದು ನನ್ನ ಶಾಂತಿ ಅಲ್ಲ ಡಾಕ್ಟ್ರೇ. ಇದರ ಕಾಯಿಲೆ. ಮೊದಲ ದಿನಾನೇ ಹೇಳಬೇಕಿತ್ತು. ನೀವೆಲ್ಲ ಹೊಗಳಿದ್ರಿ, ನನಗೆ ಹಿತವಾಗಿತ್ತು. ಅದಕ್ಕೇ ಹೇಳಲಿಲ್ಲ."

ಡಾಕ್ಟರು ಎದ್ದು ಮೊಣಕಾಲಿನ ಮಣ್ಣು ಒರೆಸಿಕೊಂಡರು. ಬಂದೂಕು ರಿಪೇರಿಯ ತಮ್ಮನನ್ನು ಕರೆದರು. ಮೇಜಿನ ಮೇಲೆ ಬೋಲ್ಟ್ ಬಿಚ್ಚಿದಾಗ ಒಳಗಿನಿಂದ ಚಳಿಗೆ ಮೇಣದಂತೆ ಗಟ್ಟಿಯಾದ ಹಳದಿ ಮುದ್ದೆ ಪಿನ್ನಿನ ಆಕಾರದಲ್ಲೇ ಹೊರಬಂತು. ಅದರೊಳಗೆ ಈಜಿಕೊಂಡು ಹೋಗಿ ಪಿನ್ನು ತೋಟಾಕ್ಕೆ ಮೆಲ್ಲಗೆ ತಟ್ಟುತ್ತಿತ್ತು, ಮಲಗಿದವರನ್ನು ಸಂಕೋಚದಿಂದ ಎಬ್ಬಿಸುವವರ ಹಾಗೆ.

"ಯಾರ್ರೀ ಇದನ್ನ ತುಂಬಿದ್ದು?" ಎಂದ ರಿಪೇರಿಯವನು.

ಆಮೇಲಪ್ಪ ಹಳದಿ ಮುದ್ದೆಯನ್ನು ನೋಡಿದ. ನೋಡುತ್ತಲೇ ಇದ್ದ. ನೆನಪು ಮೆಟ್ಟಿಲು ಹತ್ತಿ ಕಮಾನು ಹಿಡಿದುಕೊಂಡು ಬಂತು.

"ನಾನೇ" ಎಂದ. "ಟಕ್ ಅನ್ನಬಾರದು ಅಂತ."

"ಅಯ್ಯೋ ದೇವರೇ!" ಎಂದರು ಪಿಟೀಲು ಮೇಡಂ. "ನನ್ನ ತಾಳಕ್ಕೋಸ್ಕರವಾ?"

ಯಾರೋ ನಕ್ಕರು. ನಕ್ಕವನು ಬೇಕರಿಯವನೇ, ನಳಿಕೆಯ ದಾರಿಯಲ್ಲಿ ಮೊದಲು ನಿಂತಿದ್ದವನು. ನಗುತ್ತಾ ನಗುತ್ತಾ ನೆಲದ ಮೇಲೆ ಕೂತುಬಿಟ್ಟ. ಮೇಲಧಿಕಾರಿ ಟೋಪಿ ತೆಗೆದು, ನಾಳೆಯಿಂದ ಯಾರೂ ಗೋಡೆ ನೋಡಕೂಡದು ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಭಾವಮೈದುನ ಮಾತ್ರ ಸೋಲಲಿಲ್ಲ. "ನಮ್ಮ ಭಾವ ಗುಂಡಿಗಿಂತ ಮುಂಚೆ ಬಿದ್ದದ್ದು ನೋಡಿದ್ರಾ?" ಎಂದು ಹಿಂದಿನ ಸಾಲಿನವರನ್ನು ಕೇಳುತ್ತಿದ್ದ.

ಡಾಕ್ಟರು ಆಮೇಲಪ್ಪನ ಹೆಸರನ್ನು ತಂಡದಿಂದ ತೆಗೆದರು. ಅದನ್ನು ಎಲ್ಲರೆದುರೇ ಹೇಳಿದರು, ಮುಖ ಸಪ್ಪೆ ಮಾಡಿಕೊಂಡೇ. ಹೇಳಿ ಮುಗಿಸಿ ಹೊರಟವರು ಮತ್ತೆ ತಿರುಗಿ ಬಂದರು.

"ಪಂದ್ಯದ ದಿನ ಗುಂಡು ಹೊಡೆಯೋ ಗೆರೆಯ ಹಿಂದೆ ಒಬ್ಬರು ನಿಂತಿರಬೇಕು. ಏನಾದ್ರೂ ತಪ್ಪಾದ್ರೆ 'ನಿಲ್ಲಿಸಿ' ಅಂತ ಕೂಗೋರು. ಆ ಕೆಲಸ ಇಷ್ಟು ದಿನ ನಾನು ಮಾಡ್ತಿದ್ದೆ. ಇವತ್ತು ನನ್ನ ಯೋಗ್ಯತೆ ಗೊತ್ತಾಯ್ತು. ನೀವು ನಿಂತ್ಕೊಳ್ಳಿ."

"ಆಗಲಿ" ಎಂದ ಆಮೇಲಪ್ಪ. ತಕ್ಷಣ ಎಂದ. ಅಂದ ಮೇಲೆ ಅವನಿಗೇ ಆಶ್ಚರ್ಯವಾಯಿತು.

ಮನೆಗೆ ಹೋಗುವಾಗ ಹೆಂಡತಿ ಡ್ರೈವಿಂಗ್ ಸ್ಕೂಲಿನ ಕಾರು ಓಡಿಸುತ್ತಿದ್ದಳು. ಆಮೇಲಪ್ಪ ಪಕ್ಕದಲ್ಲಿ, ಎರಡನೇ ಬ್ರೇಕಿನ ಮೇಲೆ ಕಾಲು ತಾಗದಂತೆ ಮುದುರಿ ಕೂತಿದ್ದ. ಬೀದಿಗಳು ಹಿಂದಕ್ಕೆ ಹೋದವು. ಬೇಕರಿ ಹೋಯಿತು, ಕಚೇರಿ ಹೋಯಿತು. ಬೇಲಿಯ ಹತ್ತಿರ ಅವಳು ಕೈಕಟ್ಟಿ ನಿಂತಿದ್ದದ್ದು ಅವನ ಕಣ್ಣೆದುರಿನಿಂದ ಹೋಗಲಿಲ್ಲ.

"ನೀನು ಆಗ ಕೇಳಿದ್ದೆಯಲ್ಲ" ಎಂದ. "ಡ್ರೈವಿಂಗ್ ಕಲಿಸ್ಲಾ ಅಂತ."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಹ್ಞೂಂ" ಎಂದ ಅವನು. "ಕಲಿಸು."

ಅವಳು ಏನೂ ಹೇಳಲಿಲ್ಲ. ಸಿಗ್ನಲ್ಲು ಕೆಂಪಾಯಿತು, ಕಾರು ನಿಂತಿತು. ಸಿಗ್ನಲ್ಲು ಹಸಿರಾಯಿತು, ಕಾರು ಹೊರಟಿತು. ಆಗಲೂ ಅವಳು ಏನೂ ಹೇಳಲಿಲ್ಲ. ಇಷ್ಟು ವರ್ಷ ಅವಳು ಹೀಗೇ ಕಾದಿದ್ದಳೆಂಬುದು ಅವನಿಗೆ ಆಗ ಹೊಳೆಯಿತು. ಆದರೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಅಲ್ಲಾಡಲಿಲ್ಲ, ಅತ್ತಿತ್ತ ತಿರುಗಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೇರ ಮುಂದಕ್ಕೆ ನೋಡುತ್ತಾ ಕಾದ.

ಆಟದ ಮೈದಾನದ ಪಕ್ಕದ ಖಾಲಿ ರಸ್ತೆಯಲ್ಲಿ ಅವಳು ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಕೆಳಗಿಳಿದು, ತನ್ನ ಬಾಗಿಲನ್ನು ತೆರೆದೇ ಬಿಟ್ಟು, ಕಾರನ್ನು ಬಳಸಿಕೊಂಡು ಅವನ ಕಡೆಗೆ ಬಂದಳು. ಕಣ್ಣು ಒರೆಸಿಕೊಂಡಿದ್ದು ಚಳಿಗಿರಬಹುದು.

"ಆ ಕಡೆ ಹೋಗಿ ಕೂತ್ಕೊಳ್ಳಿ" ಎಂದಳು.